ಹೂವಿನಲ್ಲೇ ಮಾರಿದ ಫಸಲು

ಮೂಡಿಗೆರೆಯ ತಾಲ್ಲೂಕು ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಅಪ್ಪ, ಮಗಳು ಕುಳಿತಿದ್ದರು. ಆಗಷ್ಟೇ ಸಿಕ್ಕಿದ ಆದಾಯ ಪ್ರಮಾಣಪತ್ರವನ್ನು ಮಗಳು ಓದುತ್ತಿದ್ದಳು.

“ಒಂಬತ್ತು ಲಕ್ಷ ಬರ್ದಿದಾರೆ ಅಪ್ಪಯ್ಯ. ಎಂಟು ದಾಟಿದ್ರೆ ಜರ್ಮನಿಲಿ ಓದೋಕೆ ಸ್ಕಾಲರ್‌ಶಿಪ್ ಇಲ್ಲ.”

“ಅಷ್ಟು ದುಡ್ಡು ನಾನು ಕಂಡೇ ಇಲ್ವಲ್ಲೇ ಮಾರಾಯ್ತಿ!”

“ಈಗಿನ ಕಾಫಿ ರೇಟಿಗೆ ಲೆಕ್ಕ ಹಾಕಿದ್ರಂತೆ.”

“ನಾವು ಹೂವಿರುವಾಗ್ಲೇ ಫಸಲು ಮಾರಿದ್ವಲ್ಲ, ಅರ್ಧ ರೇಟಿಗೆ. ಹೇಳ್ಬೇಕಿತ್ತು.”

“ಹೇಳ್ದೆ. ಚೀಟಿ ತೋರ್ಸಿ ಅಂದ್ರು.”

“ಬಾಯಿಮಾತಿನ ವ್ಯಾಪಾರಕ್ಕೆ ಎಂಥ ಚೀಟಿ?”

ಅವಳು ಮೊಬೈಲ್ ತೆಗೆದು ಏನೋ ಬರೆದು ಕಳಿಸಿದಳು.

“ನಿನ್ನ ಇಂಗ್ಲಿಷ್ ಪರೀಕ್ಷೆ ಫೀಸಿಗೆ ಅಂತ ನಾನೇ ಅವಸರ ಮಾಡ್ದೆ, ಧನ್ಯಾ.”

“ಇರ್ಲಿ ಬಿಡಿ.”

“ಸಾಹೇಬ್ರನ್ನ ನಾನೊಮ್ಮೆ ಕೇಳ್ಲಾ?”

“ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕೊನೆ. ಜರ್ಮನಿ ಕಾಲೇಜಿನವ್ರಿಗೆ ನಾನು ಬರಲ್ಲ ಅಂತ ಈಗಷ್ಟೇ ಬರ್ದು ಕಳ್ಸಿದೆ.”

ಅಪ್ಪ ಅವಳ ಮೊಬೈಲನ್ನೇ ನೋಡುತ್ತಿದ್ದರು.

“ಏಳಿ, ಆಲ್ದೂರು ಬಸ್ಸು ತಪ್ಪತ್ತೆ” ಎಂದು ಅವಳೇ ಅವರ ಕೈ ಹಿಡಿದು ಎಬ್ಬಿಸಿದಳು.