ಕೀಲಿ ಕೇಳಿದ ಹಮಾಲ

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ನಗಬೇಡಿ. ದೃಷ್ಟಾಂತ ಅಂದಮೇಲೆ ಶ್ರೀಮಂತ ಬರಲೇಬೇಕು. ಬರೀ ಬಡವರೇ ಇದ್ದರೆ ಮೋಸ ಮಾಡುವವರು ಯಾರು? ಅವನ ಹೆಸರು ನಾನು ಹೇಳುವುದಿಲ್ಲ. ಶ್ರೀಮಂತರ ಹೆಸರು ಗುಡಿಯ ಮೆಟ್ಟಿಲ ಮೇಲೆ, ನೀರಿನ ಟಾಕಿಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಬರೆದೇ ಇರುತ್ತದೆ, ಬೇಕಾದರೆ ಅಲ್ಲಿ ಓದಿಕೊಳ್ಳಿ. ಈ ಕಥೆಯಲ್ಲಿ ಹೆಸರು ಇರುವುದು ಒಬ್ಬ ಹಮಾಲನಿಗೆ. ಅವನು ಯಮನೂರಪ್ಪ.

ಶ್ರೀಮಂತನದು ಒಣಮೆಣಸಿನಕಾಯಿಯ ಅಡತಿ ಅಂಗಡಿ, ರೈತರ ಮಾಲು ಮಾರಿಸಿ ದಲಾಲಿ ತೆಗೆಯುವುದು. ಯಮನೂರಪ್ಪ ಅದೇ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತವನು. ಹಮಾಲರು ಜೋಡಿಯಾಗಿ ಕೆಲಸ ಮಾಡುತ್ತಾರೆ, ನಿಮಗೆ ಗೊತ್ತಲ್ಲ. ಚೀಲದ ಈ ಕಿವಿ ಒಬ್ಬ ಹಿಡಿದರೆ ಆ ಕಿವಿ ಇನ್ನೊಬ್ಬ ಹಿಡಿಯಬೇಕು. ಇಪ್ಪತ್ತೆರಡು ವರ್ಷ ಯಮನೂರಪ್ಪನ ಎದುರು ನಿಂತು ಆ ಕಿವಿ ಹಿಡಿದವನು ಒಬ್ಬನೇ. ಯಾರ್ಡಿನಲ್ಲಿ ಅವನಿಗೆ 'ಯಮನೂರಪ್ಪನ ಜೋಡಿ' ಅಂತಲೇ ಹೆಸರು. ಆ ವರ್ಷ ಜೋಡಿಯ ಬೆನ್ನು ಹೋಯಿತು. ಎಡಗಾಲು ಜೋಮು ಹಿಡಿದು ನೆಲಕ್ಕೆ ಊರಲಾಗದಂತಾಯಿತು. ಎರಡು ತಿಂಗಳೊಳಗೆ ಆಪರೇಶನ್ ಆಗದಿದ್ದರೆ ಆ ಕಾಲಿನ ಆಸೆ ಬಿಡಿ ಅಂತ ಡಾಕ್ಟರು ಹೇಳಿ ಕಳಿಸಿದರು.

ಹಮಾಲರಲ್ಲಿ ಒಂದು ಪದ್ಧತಿ ಇತ್ತು. ವಾರಕ್ಕೊಮ್ಮೆ ಕೂಲಿ ಬಂದಾಗ ಪ್ರತಿಯೊಬ್ಬನೂ ಅದರಲ್ಲಿ ಸ್ವಲ್ಪ ತೆಗೆದು ಒಂದು ಡಬ್ಬಿಗೆ ಹಾಕುತ್ತಿದ್ದ. ಅದಕ್ಕೆ ಬೆನ್ನಿನ ಪಟ್ಟಿ ಅನ್ನುತ್ತಿದ್ದರು. ಯಾರ ಬೆನ್ನು ಹೋಗುತ್ತದೋ ಆ ದುಡ್ಡು ಅವನಿಗೆ. ಡಬ್ಬಿ ಯಮನೂರಪ್ಪನ ಮನೆಯಲ್ಲಿ ಇರುತ್ತಿತ್ತು, ಯಾಕೆಂದರೆ ಅವನ ಮೇಲೆ ಎಲ್ಲರಿಗೂ ನಂಬಿಕೆ. ಜೋಡಿಯ ಆಪರೇಶನ್ನಿಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ಡಬ್ಬಿಯಲ್ಲಿತ್ತು. ಕಾಲು ಪಾಲು ಕಡಿಮೆ. ನೋಡಿ, ಬಡವನನ್ನು ಕೊಲ್ಲುವುದು ಆ ಕಾಲು ಪಾಲೇ.

ಅದೇ ಹೊತ್ತಿಗೆ ಶ್ರೀಮಂತನ ತಲೆಯಲ್ಲಿ ಹೊಸ ವ್ಯಾಪಾರ ಹುಟ್ಟಿತು. ಮೆಣಸಿನಕಾಯಿಯಲ್ಲ, ಕ್ರಿಪ್ಟೋ. ಕಂಪ್ಯೂಟರಿನಲ್ಲಿ ಒಂದು ಟೋಕನ್ ಹುಟ್ಟಿಸಿದ, 'ಕೆಂಪು ಬಂಗಾರ' ಅಂತ ನಾಮಕರಣ ಮಾಡಿದ. ಹುಟ್ಟಿಸಲು ಖರ್ಚೇನು? ಒಂದು ಊಟದ ಖರ್ಚು. ಕೈಯಲ್ಲಿ ಮುಟ್ಟಲು ಬರುವುದಿಲ್ಲ, ಒಲೆಗೆ ಹಾಕಿದರೆ ಘಾಟು ಬರುವುದಿಲ್ಲ. ಅಂಥದಕ್ಕೆ ಬೆಲೆ ಬರಬೇಕಾದರೆ ಏನು ಮಾಡಬೇಕು? ಒಂದು ತೊಟ್ಟಿ ಕಟ್ಟಬೇಕು. ಅದಕ್ಕೆ ಲಿಕ್ವಿಡಿಟಿ ಪೂಲ್ ಅನ್ನುತ್ತಾರಂತೆ. ನಾಲಿಗೆ ಹೊರಳದಿದ್ದರೆ ಬಿಡಿ, ತೊಟ್ಟಿ ಅನ್ನಿ. ತೊಟ್ಟಿಯಲ್ಲಿ ಎರಡು ಕೋಣೆ. ಒಂದರಲ್ಲಿ ಹೊಸ ಟೋಕನ್, ಇನ್ನೊಂದರಲ್ಲಿ ನಿಜವಾದ ದುಡ್ಡು. ಟೋಕನ್ ಬೇಕಾದವನು ದುಡ್ಡು ಹಾಕಿ ಟೋಕನ್ ಎತ್ತಿಕೊಳ್ಳುತ್ತಾನೆ, ದುಡ್ಡು ಬೇಕಾದವನು ಟೋಕನ್ ಹಾಕಿ ದುಡ್ಡು ಎತ್ತಿಕೊಳ್ಳುತ್ತಾನೆ. ದಲಾಲಿ ಇಲ್ಲ, ಹರಾಜು ಇಲ್ಲ. ಟೋಕನ್ ಕೋಣೆ ಬರಿದಾದಷ್ಟೂ ದರ ಏರುತ್ತದೆ, ತುಂಬಿದಷ್ಟೂ ಇಳಿಯುತ್ತದೆ. ಟೋಕನ್ ಏನೋ ಶ್ರೀಮಂತನ ಹತ್ತಿರ ರಾಶಿ ರಾಶಿ ಇತ್ತು. ಇನ್ನೊಂದು ಕೋಣೆಗೆ ನಿಜವಾದ ದುಡ್ಡು ಬೇಕಲ್ಲ, ಅದನ್ನು ಯಾರು ಹಾಕಬೇಕು?

ಅವನು ಯಾರ್ಡಿನ ಕಟ್ಟೆಯ ಮೇಲೆ ಹಮಾಲರನ್ನು ಕೂರಿಸಿ ಚಹಾ ಕೊಡಿಸಿದ. ಮೂವತ್ತು ವರ್ಷದಲ್ಲಿ ಅದೇ ಮೊದಲ ಚಹಾ. "ಟೋಕನ್ ನಾ ಹಾಕ್ತೀನಿ, ರೊಕ್ಕ ನೀವು ಹಾಕ್ರಿ," ಅಂದ. "ತೊಟ್ಟಿ ಇಬ್ಬರದೂ. ಯಾರ ಕೊಂಡ್ರೂ, ಯಾರ ಮಾರಿದ್ರೂ, ತೊಟ್ಟಿ ತುಂಬಿದವ್ರಿಗೆ ಒಂದೊಂದು ಚಿಟಿಕಿ ಬರ್ತೈತಿ. ಚೀಲ ಹೊರದ ಸಿಗೋ ಹಮಾಲಿ ಅಂತ ತಿಳ್ಕೋರಿ."

ಚೀಲ ಹೊರದೆ ಹಮಾಲಿ. ಬೆನ್ನು ಹೋದವನ ಗೆಳೆಯನಿಗೆ ಈ ಮಾತು ಹೇಗೆ ಕೇಳಿಸಿರಬೇಕು, ನೀವೇ ಹೇಳಿ. ಆದರೂ ಯಮನೂರಪ್ಪ ದಡ್ಡನಲ್ಲ. ಎದ್ದು ನಿಂತು ಕೇಳಿದ: "ಸಾವ್ಕಾರ್ರ, ಆ ತೊಟ್ಟಿ ಕೀಲಿ ಯಾರ ಕೈಯಾಗ ಇರ್ತೈತ್ರಿ?"

"ಯಾರ ಕೈಯಾಗೂ ಇಲ್ಲೋ ತಮ್ಮಾ. ಒಂದು ಮಂಡಲ, ನಲವತ್ತೆಂಟು ದಿನ, ನಾನೂ ತೆಗೆಯಾಕ ಬರಂಗಿಲ್ಲ, ನೀನೂ ತೆಗೆಯಾಕ ಬರಂಗಿಲ್ಲ. ಕಂಪ್ಯೂಟರನ್ಯಾಗ ಎಲ್ಲಾರಿಗೂ ಕಾಣತೈತಿ."

"ಬಾಯಿ ಮಾತು ಬ್ಯಾಡ್ರಿ. ಭಂಡಾರ ಮುಟ್ಟಿ ಹೇಳ್ರಿ."

ಭಂಡಾರ ಅಂದರೆ ಸಾಮಾನ್ಯವೇ? ದೇವರ ಅರಿಶಿನ ಅದು. ಅದನ್ನು ಮುಟ್ಟಿ ಸುಳ್ಳು ಹೇಳಿದವನ ಮನೆಯಲ್ಲಿ ದೀಪ ಉಳಿಯುವುದಿಲ್ಲ ಅಂತ ಆ ಸೀಮೆಯ ನಂಬಿಕೆ. ಶ್ರೀಮಂತ ಹಿಂದೆ ಮುಂದೆ ನೋಡಲಿಲ್ಲ. ಗುಡಿಯಿಂದ ಭಂಡಾರ ತರಿಸಿ, ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆಸಿ, ಅರಿಶಿನದಲ್ಲಿ ಮಣಿಕಟ್ಟಿನ ತನಕ ಕೈಯಿಟ್ಟು ಹೇಳಿದ: "ಕೀಲಿ ಮುರದು ತೊಟ್ಟಿಗೆ ಕೈ ಹಾಕಿದ್ರ ನನ್ನ ಮನಿ ದೀಪ ಆರಲಿ." ಹಮಾಲರೆಲ್ಲ ಕೈ ಮುಗಿದರು. ಯಮನೂರಪ್ಪ ಮನಸ್ಸಿನಲ್ಲೇ ಎಣಿಸಿದ. ಡಾಕ್ಟರು ಕೊಟ್ಟದ್ದು ಅರವತ್ತು ದಿನ, ಕೀಲಿ ತೆರೆಯುವುದು ನಲವತ್ತೆಂಟಕ್ಕೆ. ಮುಕ್ಕಾಲು ಪಾಲು ಬೆಳೆದು ಪೂರ್ತಿಯಾಗಿ ವಾಪಸು ಬರುತ್ತದೆ, ಜೋಡಿ ಎದ್ದು ನಿಲ್ಲುತ್ತಾನೆ. ಡಬ್ಬಿಯನ್ನು ತಂದು ಸುರಿದುಬಿಟ್ಟ. ಜೋಡಿಯನ್ನು ಮಾತ್ರ ಕೇಳಲಿಲ್ಲ. ಹಾಸಿಗೆ ಹಿಡಿದವನಿಗೆ ಯಾಕೆ ಚಿಂತೆ ಹಚ್ಚಬೇಕು ಅಂತ ಸುಮ್ಮನಾದ.

ದರ ಏರಿತು. ಯಾಕೆ ಏರುವುದಿಲ್ಲ? ಮಾಸ್ತರರು ಕೊಂಡರು, ಮೆಡಿಕಲ್ ಅಂಗಡಿಯವರು ಕೊಂಡರು, ಶ್ರೀಮಂತನ ಬೀಗರೂ ಕೊಂಡರು. ಹಮಾಲರು ಚೀಲ ಇಳಿಸಿ ಬೆವರು ಒರೆಸುವ ಮೊದಲು ಮೊಬೈಲ್ ಒರೆಸಿ ದರ ನೋಡುತ್ತಿದ್ದರು. ಯಮನೂರಪ್ಪ ದಿನಾ ಸಂಜೆ ಜೋಡಿಯ ಮನೆಗೆ ಹೋಗಿ, ಮೀಸೆಯಡಿ ನಗುತ್ತ ಕೂತು ಬರುತ್ತಿದ್ದ.

ನಲವತ್ತೊಂದನೆಯ ದಿನ. ಬೆಳಿಗ್ಗೆ ಯಾರ್ಡಿನಲ್ಲಿ ಹರಾಜು ಶುರುವಾದಾಗ ದರ ಇತ್ತು, ಹರಾಜು ಮುಗಿಯುವಷ್ಟರಲ್ಲಿ ದರ ಇಲ್ಲ. ದುಡ್ಡಿನ ಕೋಣೆಯ ತಳದಲ್ಲಿ ಒಂದಿಷ್ಟು ಚಿಲ್ಲರೆ. ಟೋಕನ್ ಕೋಣೆ ಮಾತ್ರ ಬಿರಿಯುವಂತೆ ತುಂಬಿತ್ತು. ಯಮನೂರಪ್ಪ ಹೆಗಲ ಮೇಲಿನ ಚೀಲವನ್ನು ಅಲ್ಲೇ ಕೆಡವಿ ಅಂಗಡಿಗೆ ಓಡಿದ. ಶ್ರೀಮಂತ ಗಾದಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ.

"ಕೀಲಿ ಮುರದ್ರಿ," ಅಂದ ಯಮನೂರಪ್ಪ.

"ಮುರದಿಲ್ಲೋ. ನೋಡ್ಕೋ ಬಾ, ಕೀಲಿ ಹಂಗ ಐತಿ. ಭಂಡಾರ ಮುಟ್ಟೀನಿ, ಆಣಿ ತಪ್ಪಂಗಿಲ್ಲ. ನಾ ನನ್ನ ಮಾಲು ಮಾರಿದೆ ಅಷ್ಟ. ಯಾರರ ಮಾರಬಹುದಲ್ಲ?"

"ನಿಮ್ಮ ಮಾಲು ಅಂದ್ರ?"

"ನೂರು ಲಕ್ಷ ಟೋಕನ್ ಮಾಡಿದ್ದೆ. ಹತ್ತು ಲಕ್ಷ ತೊಟ್ಟಿಗೆ ಹಾಕಿದೆ. ತೊಂಬತ್ತು ಲಕ್ಷ ನನ್ನ ಕಡೆ ಇತ್ತು."

"ಅದನ್ನ ಹೇಳಲಿಲ್ಲಲ್ರಿ."

"ನೀ ಕೇಳಲಿಲ್ಲಲ್ಲೋ."

ಕೇಳಿದಿರಾ? ಆ ಮಾತು ಕೇಳಿದಿರಾ? ಅವನು ತೊಟ್ಟಿಯ ಕೀಲಿ ಮುಟ್ಟಲಿಲ್ಲ. ತೊಂಬತ್ತು ಲಕ್ಷ ಪುಕ್ಕಟೆ ಟೋಕನ್ನನ್ನು ಮುಂಬಾಗಿಲಿನಿಂದಲೇ ತೊಟ್ಟಿಗೆ ಸುರಿದ, ಅದೇ ಮುಂಬಾಗಿಲಿನಿಂದ ಹಮಾಲರ ಬೆನ್ನಿನ ದುಡ್ಡನ್ನು ಎತ್ತಿಕೊಂಡು ಹೋದ. ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಯಮನೂರಪ್ಪನಿಗೆ ಇದು ಗೊತ್ತಿರದ ಆಟವೇ? ಗೋದಾಮಿನಲ್ಲಿ ಮಾಲು ಬಚ್ಚಿಟ್ಟವನು ಯಾವತ್ತು ಬೇಕಾದರೂ ಪೇಟೆ ಮುಳುಗಿಸಬಲ್ಲ ಅಂತ ಯಾರ್ಡಿನ ಪ್ರತಿ ಹಮಾಲನಿಗೂ ಗೊತ್ತು. ಆ ಮಾಲನ್ನು ಕದ್ದುಮುಚ್ಚಿ ಒಳಗೆ ಹೊತ್ತವರು ಅವರೇ, ಹೊರಗೆ ಹೊತ್ತವರೂ ಅವರೇ. ಮೆಣಸಿನಕಾಯಿಯಾಗಿದ್ದರೆ "ಗೋದಾಮಿನ್ಯಾಗ ಎಷ್ಟೈತ್ರಿ?" ಅಂತ ಮೊದಲ ಮಾತಿಗೇ ಕೇಳುತ್ತಿದ್ದ. ಭಂಡಾರ ಕಂಡ ಕೂಡಲೇ ಅವನ ಬಾಯಿ ಕಟ್ಟಿತು. ದೇವರನ್ನು ನಡುವೆ ತಂದ ಮೇಲೆ ಲೆಕ್ಕ ಕೇಳುವುದು ಪಾಪ ಅಂತ ನಾವೇ ಕಲಿಸಿದ್ದೇವೆ. ನಾನೂ ಕಲಿಸಿದ್ದೇನೆ. ಇಂಥ ಗದ್ದುಗೆಗಳ ಮೇಲೆ ಕೂತು ಕಲಿಸಿದ್ದೇನೆ.

ಊರ ಹಿರಿಯರು ಸೇರಿದರು. ವಿಚಾರ ಮಾಡಿದರು. ಆಣೆ ತಪ್ಪಿಲ್ಲ ಅಂತ ತೀರ್ಪು ಕೊಟ್ಟು, ಶ್ರೀಮಂತನ ಮನೆಯಲ್ಲೇ ಊಟ ಮಾಡಿ ಎದ್ದರು.

ಯಮನೂರಪ್ಪ ಎಲ್ಲಿಗೆ ಹೋದ ಅಂತೀರಿ? ಜೋಡಿಯ ಮನೆಗೆ. ಜೋಡಿಗೆ ಏನೂ ಗೊತ್ತಿರಲಿಲ್ಲ. ಇನ್ನೂ ಹತ್ತು ದಿನ ನಗುತ್ತ ಕೂತು ಬರಬಹುದಾಗಿತ್ತು, ಯಾರೂ ಕೇಳುತ್ತಿರಲಿಲ್ಲ. ಅವನು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಹೇಳಿದ: "ನೀ ಕೇಳಿಲ್ಲ, ಆದ್ರ ನಾ ಹೇಳಬೇಕು. ಬೆನ್ನಿನ ಪಟ್ಟಿ ಹೋತು. ನಿನ್ನ ಕೇಳದ ನಾ ಹಾಕಿದ್ದೆ. ಆಣಿ ಮಾಡಿಸಿದಾವನೂ ನಾನ." ಎಲ್ಲವನ್ನೂ ಹೇಳಿದ, ತನ್ನ ತಪ್ಪಿನಲ್ಲಿ ಒಂದು ಚೂರನ್ನೂ ಉಳಿಸಿಕೊಳ್ಳಲಿಲ್ಲ.

ಜೋಡಿ ತಲೆಯೆತ್ತಿ ತೆರೆದಿದ್ದ ಬಾಗಿಲ ಕಡೆ ನೋಡಿದ. ಆಮೇಲೆ ಅಂದ: "ಬಾಗಲಾ ಮುಂದ ಮಾಡೋ. ಮಕ್ಕಳು ಕೇಳ್ತಾವ."

ಕಾಲು ಹೋಯಿತು. ಯಾರೋ ಪುಣ್ಯಾತ್ಮ ಬಂದು ದುಡ್ಡು ಕೊಟ್ಟ, ಕಾಲು ಉಳಿಯಿತು ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡಿ ಕಳಿಸುವ ಕಥೆ ಇದಲ್ಲ. ಜೋಡಿ ಈಗ ಯಾರ್ಡಿನ ಮೂಲೆಯಲ್ಲಿ ಕೂತು ಚೀಲದ ಬಾಯಿ ಹೊಲಿಯುತ್ತಾನೆ. ಯಮನೂರಪ್ಪ ಮಧ್ಯಾಹ್ನದ ರೊಟ್ಟಿಯನ್ನು ಅವನ ಪಕ್ಕದಲ್ಲೇ ಬಿಚ್ಚುತ್ತಾನೆ. ಪಕ್ಕದಲ್ಲಿ ಕೂರುವ ಹಕ್ಕು ಅವನಿಗೆ ಹೇಗೆ ಉಳಿಯಿತು? ಕೇಳುವ ಮೊದಲೇ ಹೇಳಿದ್ದರಿಂದ ಉಳಿಯಿತು.

ಈಗ ತಲೆ ಅಲ್ಲಾಡಿಸುತ್ತಿದ್ದೀರಿ. ಎಂಥ ಪಾಪಿ ಶ್ರೀಮಂತ ಅನ್ನುತ್ತಿದ್ದೀರಿ. ನಿಲ್ಲಿಸಿ. ಹಸು ಮಾರಿದಿರಿ, ಒದೆಯುತ್ತದೆ ಅಂತ ಹೇಳಿದಿರಾ? ಸೈಟು ಮಾರಿದಿರಿ, ಕೋರ್ಟಿನಲ್ಲಿ ಕೇಸಿದೆ ಅಂತ ಹೇಳಿದಿರಾ? ಮಗನಿಗೆ ಹೆಣ್ಣು ತಂದಿರಿ, ಅವನ ಕುಡಿತದ ಮಾತು ಬೀಗರಿಗೆ ಹೇಳಿದಿರಾ? ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಒಂದೂ ಸುಳ್ಳಾಡಲಿಲ್ಲ ಅಂತ ಎದೆ ತಟ್ಟಿಕೊಳ್ಳುತ್ತೀರಿ. ಆ ಶ್ರೀಮಂತನೂ ಸುಳ್ಳಾಡಲಿಲ್ಲ. ಎದೆ ತಟ್ಟಿಕೊಂಡೇ ಅಡಿಕೆ ಕತ್ತರಿಸುತ್ತಿದ್ದ.

ದುಡ್ಡು ಹಾಕಿರಿ ಅಂತ ಯಾರೇ ಬರಲಿ, ಬೀಗನಾಗಲಿ, ಗುರುವಾಗಲಿ, ನಾನೇ ಆಗಲಿ, ಅವನಿಂದ ಆಣೆ ಮಾಡಿಸಬೇಡಿ. ನಿನ್ನ ಗೋದಾಮಿನಲ್ಲಿ ಎಷ್ಟಿದೆ ತೋರಿಸು ಅನ್ನಿ. ದೇವರಿಗೆ ಕೋಪ ಬರುವುದಿಲ್ಲ. ಬಂದರೆ ತೋರಿಸದವನಿಗೆ ಬಂದೀತು. ಇನ್ನು ನೀವು ಮಾರುವಾಗ, ಕೊಡುವಾಗ, ಸಂಬಂಧ ಬೆಳೆಸುವಾಗ, ಅವರು ಬಾಯಿ ತೆರೆಯುವ ಮೊದಲೇ ಬಚ್ಚಿಟ್ಟದ್ದನ್ನು ಹೇಳಿಬಿಡಿ. 'ನೀ ಕೇಳಲಿಲ್ಲಲ್ಲ' ಅನ್ನುವ ಮಾತು ಇನ್ನು ನಿಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು.

ಮಂಗಳಾರತಿಗೆ ಏಳಬೇಡಿ, ಕೂತುಕೊಳ್ಳಿ. ಇಲ್ಲೇ ನಿಮ್ಮ ಪಕ್ಕದಲ್ಲಿ ಹೆಂಡತಿ ಇದ್ದಾಳೆ, ಅಣ್ಣ ಇದ್ದಾನೆ, ಪಾಲುದಾರ ಇದ್ದಾನೆ. ಅವರಿಗೆ ಹೇಳದೆ ಇಟ್ಟುಕೊಂಡದ್ದು ಏನಿದೆಯೋ ಅದನ್ನು ಈಗಲೇ ಹೇಳಿ. ನಾನು ಕಾಯುತ್ತೇನೆ. ಆರತಿ ಆಮೇಲೆ.