ಜಾಲಿಗುಂಟದ ಜೋಳದ ಹೊಲದಲ್ಲಿ ಬಿದ್ದ ಕಲ್ಲು ಯಾರದು

ನನ್ನ ಹೆಸರು ಶೇಖಮ್ಮ, ಗಂಡನ ಹೆಸರು ದಿವಂಗತ ನಾಗಪ್ಪ, ವಯಸ್ಸು ಸುಮಾರು ನಲವತ್ತು, ಉದ್ಯೋಗ ಒಕ್ಕಲುತನ, ವಾಸ ಜಾಲಿಗುಂಟ ಗ್ರಾಮ, ಮಕ್ತಲ್ ತಾಲೂಕು. ನನಗೆ ಉರ್ದು ಬರುವುದಿಲ್ಲ, ಓದುಬರಹವೂ ಇಲ್ಲ. ಆದಕಾರಣ ನಾನು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಳ್ಳಲು ಠಾಣೆಯ ಅಮೀನ್ ಸಾಹೇಬರು ಬರಹಗಾರರಿಗೆ ಅಪ್ಪಣೆ ಕೊಟ್ಟಿದ್ದಾರೆ. ಯಾರೂ ಕರೆಸದೆ ನಾನಾಗಿಯೇ ಇಂದು ಬೆಳಿಗ್ಗೆ ಮಕ್ತಲ್ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಶನಿವಾರ ಸಂಜೆ ನನ್ನ ಮಗ ತಾಯಣ್ಣನ ತಲೆಗೆ ಬಿದ್ದ ಕಲ್ಲು ನನ್ನ ಕವಣೆಯದು. ಆ ಕಲ್ಲಿಗಾಗಿ ನೀವು ನನ್ನ ಪಕ್ಕದ ಹೊಲದ ದಸ್ತಗೀರನನ್ನು ಹವಾಲಾತಿನಲ್ಲಿ ಕೂಡಿಹಾಕಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿದೆ. ಅವನನ್ನು ಬಿಡಬೇಕು. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನನ್ನ ಮಗನಿಗೆ ಹದಿನಾಲ್ಕು ವರ್ಷ. ಮಕ್ತಲಿನ ಶಾಲೆಗೆ ದಿನಾಲೂ ಒಂದು ಹರದಾರಿ ನಡೆದು ಹೋಗಿ ಬರುತ್ತಾನೆ. ಆ ಶಾಲೆಯಲ್ಲಿ ಮಹಾಂತಯ್ಯ ಮಾಸ್ತರರು ಹುಡುಗರಿಗೆ ಸ್ಕೌಟ್ ಕಲಿಸುತ್ತಾರೆ. ಆರೇಳು ಹುಡುಗರಿಗೆ ಒಂದು ದಳ, ದಳಕ್ಕೊಬ್ಬ ನಾಯಕ. ನನ್ನ ಮಗ ನವಿಲು ದಳದ ನಾಯಕನಾದ. ಸಂಕ್ರಾಂತಿಯ ನಂತರದ ವಾರ ಅವನು ಖಾಕಿ ಚಡ್ಡಿ, ಖಾಕಿ ಅಂಗಿ ಹಾಕಿಕೊಂಡು, ಒಂದು ಉದ್ದ ಕೋಲು ಹಿಡಿದು ಮನೆಗೆ ಬಂದ. ಹೋದ ಶ್ರಾವಣದಲ್ಲಿ ರಜಾಕಾರರು ಅದೇ ಬಣ್ಣದ ಬಟ್ಟೆ ತೊಟ್ಟು, ಸಜ್ಜೆ ಹೊಲದ ಮರೆಯಲ್ಲಿ ಸದ್ದಿಲ್ಲದೆ ನಡೆದು ನಮ್ಮೂರಿಗೆ ಬಂದಿದ್ದರು. ಮೂರು ಮನೆ ಸುಟ್ಟರು. ನನ್ನ ಗಂಡನನ್ನು ಬಾವಿಕಟ್ಟೆಯ ಮೇಲೆ ಹಾಕಿ ಬಡಿದರು. ಯಜಮಾನರು ಮತ್ತೆ ಎದ್ದು ಓಡಾಡಲಿಲ್ಲ, ದಸರೆಗೆ ಮುಂಚೆಯೇ ತೀರಿಕೊಂಡರು.

ಆದಕಾರಣ, ಆ ಬಣ್ಣ ನನ್ನ ಮನಿಯೊಳಗ ತರಬ್ಯಾಡ ಎಂದು ಮಗನಿಗೆ ಗದರಿಸಿದೆ. ಅವನು, ಅವ್ವಾ, ಬಣ್ಣ ಏನ್ ಮಾಡ್ತೈತಿ, ಇದನ್ನ ಹಾಕ್ಕೊಂಡವ್ರು ಮುದುಕ್ರಿಗೆ ನೀರು ಸೇದಿ ಕೊಡಬೇಕಂತ ಮಾಸ್ತರ್ ಹೇಳ್ಯಾರ ಎಂದ. ಹಂಗಾದ್ರ ಮೊದಲು ನನಗ ಎರಡು ಕೊಡ ಸೇದು, ನಾನೂ ಮುದುಕಿನೇ ಎಂದೆ. ನಗುತ್ತ ಸೇದಿಕೊಟ್ಟ. ಶನಿವಾರ, ರವಿವಾರ ಎರಡು ದಿನ ಶಾಲೆಯ ಹಿಂದಿನ ಮಾವಿನ ತೋಪಿನಲ್ಲಿ ನಾಯಕರ ತರಬೇತಿ ಇದೆ, ಅಲ್ಲಿಯೇ ಊಟ, ಅಲ್ಲಿಯೇ ನಿದ್ದೆ ಎಂದು ಹೇಳಿದ. ಶನಿವಾರ ಬೆಳಿಗ್ಗೆ ರೊಟ್ಟಿ ಕಟ್ಟಿ ಕಳಿಸಿದೆ. ನಮ್ಮ ಹೊಲದ ಕಡೆ ಬರುತ್ತೇವೆಂದು ಅವನು ಹೇಳಲಿಲ್ಲ. ಅವನಿಗೇ ಗೊತ್ತಿರಲಿಲ್ಲವೆಂದು ಈಗ ತಿಳಿದಿದೆ.

ಅದೇ ದಿನ, ಅಂದರೆ ೧೯೪೯ನೆಯ ಜನವರಿ ೨೨ರ ಶನಿವಾರ, ನಾನು ಮಧ್ಯಾಹ್ನದಿಂದ ಹೊಲದ ಅಟ್ಟದ ಮೇಲೆ ಜೋಳ ಕಾಯುತ್ತಿದ್ದೆ. ತೆನೆ ಹಾಲು ತುಂಬಿದ ಹೊತ್ತು, ಕೈಬಿಟ್ಟರೆ ಗಿಳಿಗಳು ನಮಗೆ ಬರೀ ದಂಟು ಉಳಿಸುತ್ತವೆ. ಬದುವಿನ ಆಚೆ, ನನ್ನ ಅಟ್ಟದಿಂದ ಸುಮಾರು ಅರವತ್ತು ಮಾರು ದೂರದಲ್ಲಿ, ದಸ್ತಗೀರನ ಅಟ್ಟ. ನಾನು ಕವಣೆ ಬೀಸಿ ಹಕ್ಕಿ ಹೊಡೆಯುತ್ತೇನೆ. ಅವನು ತಗಡಿನ ಡಬ್ಬಿ ಬಡಿಯುತ್ತಾನೆ.

ನಮ್ಮೂರಲ್ಲಿ ಶ್ರಾವಣದ ಆ ದಾಳಿಯ ನಂತರ ಹಿರಿಯರು ಸೇರಿ ಒಂದು ಕಟ್ಟು ಮಾಡಿದ್ದಾರೆ. ಹೊತ್ತು ಮುಳುಗಿದ ಮೇಲೆ ಬೆಳೆಯೊಳಗೆ ಯಾರೇ ಬಂದರೂ ಅಟ್ಟದ ಮೇಲಿನವರು ಮೂರು ಸಲ ಕೂಗಿ ಹೆಸರು ಕೇಳಬೇಕು. ಬಂದವರು ಹೆಸರು ಹೇಳಬೇಕು. ಮೂರನೆಯ ಕೂಗಿಗೂ ಉತ್ತರವಿಲ್ಲದಿದ್ದರೆ ಕಲ್ಲು ಬೀಸಬೇಕು, ಬೀಸಿ ಊರನ್ನು ಕರೆಯಬೇಕು. ಇದು ನಮ್ಮೂರಿನ ಕೂಸಿಗೂ ಗೊತ್ತು. ನನ್ನ ಮಗನಿಗೂ ಗೊತ್ತು.

ಸುಮಾರು ಆರೂಕಾಲು ಗಂಟೆಗೆ, ಹೊತ್ತು ಮುಳುಗಿ ಇನ್ನೂ ಮಬ್ಬು ಬೆಳಕಿರುವಾಗ, ಹಳ್ಳದ ಕಡೆಯಿಂದ ಜೋಳದ ದಂಟು ಅಲುಗಾಡುವುದು ಕಂಡಿತು. ಹಂದಿ ಇರಬೇಕೆಂದುಕೊಂಡೆ. ಆಮೇಲೆ ತೆನೆಗಳ ಮೇಲೆ ಕೋಲಿನ ತುದಿಗಳು ಕಂಡವು, ಸಂದಿನಲ್ಲಿ ಖಾಕಿ ಕಂಡಿತು. ಒಬ್ಬರ ಹಿಂದೆ ಒಬ್ಬರು, ಬಗ್ಗಿಕೊಂಡು, ಒಂದು ಕೆಮ್ಮೂ ಇಲ್ಲದೆ ಬರುತ್ತಿದ್ದರು. ನನ್ನ ಗಂಡನನ್ನು ಬಡಿದವರು ಬಂದದ್ದೂ ಹೀಗೆಯೇ. ಆದರೂ ಕಟ್ಟು ಮೀರಲಿಲ್ಲ. ಯಾರಲ್ಲಿ, ಹೆಸರು ಹೇಳ್ರಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಸಾಲು ನಿಂತಿತು, ಯಾರೂ ಮಾತಾಡಲಿಲ್ಲ. ಎರಡನೆಯ ಸಲ ಕೂಗಿದೆ. ಮುಂದಿದ್ದವನು ಒಂದು ಕೈ ಮೇಲೆತ್ತಿದ್ದು ಕಂಡಿತು, ದನಿ ಬರಲಿಲ್ಲ. ಮೂರನೆಯ ಸಲ ಕೂಗಿ, ಕಲ್ಲು ಹೂಡಿ, ತಲೆಯ ಸುತ್ತ ಬೀಸಿ ಬಿಟ್ಟೆ. ಶೇಖಮ್ಮಾ, ಬಿಡಬ್ಯಾಡ, ಸಣ್ಣವ್ರು ಅದಾರ ಎಂದು ದಸ್ತಗೀರ ತನ್ನ ಅಟ್ಟದಿಂದ ಕೂಗಿದ. ಆ ಮಾತು ಕಿವಿಗೆ ಬಿದ್ದಾಗ ಕಲ್ಲು ಕೈಬಿಟ್ಟಾಗಿತ್ತು.

ಒಬ್ಬ ಬಿದ್ದ. ಆಗ ಉಳಿದವರೆಲ್ಲ ಒಟ್ಟಿಗೆ ಅಳತೊಡಗಿದರು. ಮಕ್ಕಳ ಅಳು ಕೇಳಿ ಅಟ್ಟದಿಂದ ಹೇಗೆ ಇಳಿದೆನೋ ನನಗೆ ನೆನಪಿಲ್ಲ. ದಸ್ತಗೀರ ನನಗಿಂತ ಮೊದಲೇ ಅಲ್ಲಿಗೆ ತಲುಪಿ ಹುಡುಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವನು ನನ್ನನ್ನು ನೋಡಿ, ನೀ ಬರಬ್ಯಾಡ, ಅಲ್ಲೇ ನಿಲ್ಲು ಎಂದ. ಆಗಲೇ ನನಗೆ ಗೊತ್ತಾಯಿತು.

ಎಡಗಿವಿಯ ಮೇಲೆ ಪೆಟ್ಟು ಬಿದ್ದಿತ್ತು. ನನ್ನ ಸೆರಗು ಹರಿದು ಕಟ್ಟಿದೆ. ದಸ್ತಗೀರ ಅವನನ್ನು ಎಡಹೆಗಲ ಮೇಲೆ ಹಾಕಿಕೊಂಡು ತನ್ನ ಬಂಡಿಯವರೆಗೆ ತಂದ. ಎತ್ತು ಹೂಡಿ, ಸುಮಾರು ಎಂಟು ಗಂಟೆಗೆ ಮಕ್ತಲಿನ ದವಾಖಾನೆ ಮುಟ್ಟಿಸಿದ. ಬೇರೆ ಹುಡುಗರೂ ಬಂಡಿಯ ಹಿಂದೆಯೇ ಬಂದರು. ಅವರಲ್ಲಿ ಬಾಲಯ್ಯ ಎಂಬ ಹುಡುಗನನ್ನು, ನಾನು ಮೂರು ಸಲ ಕೂಗಿದೆನಲ್ಲೋ, ನಿಮಗೆ ಬಾಯಿ ಇರಲಿಲ್ಲವೇ ಎಂದು ಕೇಳಿದೆ. ಅವನು ಅಳುತ್ತ ಹೇಳಿದ್ದೇನೆಂದರೆ, ಇದು ನಾಯಕನ ಪರೀಕ್ಷೆ, ದಾರಿಯನ್ನು ನಾಯಕನೇ ಆರಿಸಬೇಕು, ದಳವನ್ನು ಬರೀ ಕೈಸನ್ನೆಯಿಂದ ನಡೆಸಿ ಹಳ್ಳದಾಚೆಯ ಬಂಡೆ ಮುಟ್ಟಿ ತಿರುಗಿ ಬರಬೇಕು, ಒಬ್ಬ ಮಾತಾಡಿದರೂ ಇಡೀ ದಳ ಸೋತಂತೆ. ತಾಯಣ್ಣ ತನಗೆ ಗೊತ್ತಿರುವ ಹೊಲವೆಂದು ಈ ದಾರಿ ಹಿಡಿದ. ಎರಡನೆಯ ಕೂಗು ಕೇಳಿದಾಗ ಅವನು ಎಲ್ಲರಿಗೂ ಅಲ್ಲಿಯೇ ಇರಲು ಕೈ ತೋರಿಸಿ, ಅಟ್ಟದ ಕಡೆ ಬೆರಳು ಮಾಡಿ, ತನ್ನ ಎದೆ ಮುಟ್ಟಿಕೊಂಡು ನಕ್ಕನಂತೆ. ಯಾಕ ನಕ್ಕಾನಂತ ನಮಗ ತಿಳೀಲಿಲ್ಲಮ್ಮಾ ಎಂದು ಬಾಲಯ್ಯ ಹೇಳಿದ. ನನಗೆ ತಿಳಿಯಿತು. ನನ್ನ ದನಿ ಗುರುತಿಸಿ, ಆಕಿ ನಮ್ಮವ್ವ, ಒಗೆಯೋದಿಲ್ಲ ಎಂದು ಅವರಿಗೆ ಧೈರ್ಯ ಹೇಳಿದ್ದ.

ಮಹಾಂತಯ್ಯ ಮಾಸ್ತರರು ದವಾಖಾನೆಗೆ ಓಡಿಬಂದರು. ಖಾಕಿ ಹಾಕಿದ ಮಕ್ಕಳನ್ನು ಇಂಥ ವರ್ಷದಲ್ಲಿ ಮಬ್ಬಿನಲ್ಲಿ ಬೆಳೆಯೊಳಗೆ ಕಳಿಸಿದ್ದೀರಲ್ಲ, ನಿಮಗೆ ಬುದ್ಧಿ ಐತೋ ಇಲ್ಲೋ ಎಂದು ನಾನು ಎಲ್ಲರ ಮುಂದೆ ಬೈದೆ. ಅವರು ತಲೆ ತಗ್ಗಿಸಿ, ತಪ್ಪಾಯಿತು, ಆದರೆ ಗುರುವಾರವೇ ನಾಲ್ಕು ಊರಿನ ಪಟೇಲರಿಗೆ ಹೇಳಿ ಕಳಿಸಿದ್ದೆ, ಡಂಗುರ ಸಾರಿಸುತ್ತೇವೆಂದು ಒಪ್ಪಿದ್ದರು ಎಂದರು. ಮೂರು ಊರಲ್ಲಿ ಡಂಗುರ ಹೊಡೆಸಿದ್ದಾರೆ. ನಮ್ಮೂರಲ್ಲಿ ಹೊಡೆಸಿಲ್ಲ. ಹೊಡೆಸಿದ್ದರೆ ನಾನು ಅಟ್ಟದ ಮೇಲಿಂದ ಮಗನನ್ನು ಕರೆದು ಎಳೆಜೋಳದ ಸೀತನಿ ಸುಟ್ಟು ಕೊಡುತ್ತಿದ್ದೆ.

ಮರುದಿನ ರವಿವಾರ ಬೆಳಿಗ್ಗೆ ನಮ್ಮೂರಿನ ಪೊಲೀಸ್ ಪಟೇಲರಾದ ಲಿಂಗಣ್ಣ ಗೌಡರು ದವಾಖಾನೆಗೆ ಬಂದರು. ನನ್ನನ್ನು ಜಗಲಿಗೆ ಕರೆದು, ಶೇಖಮ್ಮಾ, ನೀ ಸುಮ್ನಿರು, ಹಡದಾಕಿ ಮ್ಯಾಲ ಯಾರೂ ಅನುಮಾನ ಮಾಡಂಗಿಲ್ಲ, ಕಲ್ಲು ಆ ಸಾಬಂದು ಅಂತ ನಾ ಬರಸ್ತೀನಿ, ಅವನ ಹೊಲ ನಿನ್ನ ಬದುವಿಗೆ ಹತ್ತಿ ಐತಿ, ವಿಚಾರ ಮಾಡು ಎಂದು ಹೇಳಿದರು. ಡಂಗುರ ಹೊಡೆಸಬೇಕಾದವರು ಅವರೇ, ಆ ಮಾತು ಎತ್ತಲಿಲ್ಲ. ನಾನು, ನನ್ನ ಬದು ನಾ ಜಗಳಾಡಿ ಉಳಿಸಿಕೊಂಡೀನ್ರಿ ಗೌಡ್ರ, ಹಿಂಗ ಸಿಗೋ ಭೂಮಿ ನನಗ ಬ್ಯಾಡ ಎಂದೆ. ಅಷ್ಟರಲ್ಲಿ ಡಾಕ್ಟರರು ಒಳಗೆ ಕರೆದರು. ಮಗನಿಗೆ ಮೈ ಕಾದು ವಾಂತಿಯಾಗುತ್ತಿತ್ತು. ನಾನು ಸಂಜೆಯವರೆಗೆ ಅವನ ಪಕ್ಕ ಬಿಟ್ಟು ಏಳಲಿಲ್ಲ. ಮಧ್ಯಾಹ್ನವೇ ಠಾಣೆಯ ಜವಾನರು ಬಂದು, ದವಾಖಾನೆಯ ಬಾಗಿಲಲ್ಲಿ ಎತ್ತುಗಳಿಗೆ ಮೇವು ಹಾಕುತ್ತಿದ್ದ ದಸ್ತಗೀರನನ್ನು ಹಿಡಿದುಕೊಂಡು ಹೋದದ್ದು ನನಗೆ ದೀಪ ಹಚ್ಚುವ ಹೊತ್ತಿಗೆ ತಿಳಿಯಿತು. ಕೇಳಿದ ಕೂಡಲೇ ಅವನು, ಹೌದ್ರಿ, ನಾನೇ ಒಗದೀನಿ ಎಂದು ಒಪ್ಪಿಕೊಂಡನಂತೆ. ಯಾರೂ ಹೊಡೆಯಲಿಲ್ಲವೆಂದು ಜವಾನರು ಹೇಳುತ್ತಾರೆ. ಅವನ ಮೈಮೇಲೆ ಹೊಸ ಪೆಟ್ಟಿನ ಗುರುತು ನಾನೂ ಕಾಣಲಿಲ್ಲ.

ದಸ್ತಗೀರ ದೇವರಂಥ ಮನುಷ್ಯನೆಂದು ಹೇಳಲು ನಾನು ಬಂದಿಲ್ಲ. ವರ್ಷಕ್ಕೊಂದು ಗೇಣು ಬದು ನನ್ನ ಕಡೆ ಸರಿಸುವವನು ಅವನೇ. ಅವನ ಎಮ್ಮೆ ನನ್ನ ಹೊಲದಲ್ಲಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಆದರೆ ಅವನು ಈ ಕಲ್ಲು ಒಗೆಯಲಿಲ್ಲ, ಒಗೆಯಲು ಆಗುವುದೂ ಇಲ್ಲ. ಹೋದ ಸೆಪ್ಟೆಂಬರಿನಲ್ಲಿ ರಜಾಕಾರರನ್ನು ಅಡಗಿಸಲು ಮಿಲಿಟರಿ ಬಂದ ವಾರ ಅವನ ಬಲಗೈಯನ್ನು ಮೊಳಕೈ ಹತ್ತಿರ ಮುರಿದಿದ್ದಾರೆ. ಎಲುಬು ವಾರೆಯಾಗಿ ಕೂಡಿದೆ, ಕೈ ಹೆಗಲಿನವರೆಗೂ ಏಳುವುದಿಲ್ಲ. ಅದಕ್ಕೇ ಅವನು ಡಬ್ಬಿ ಬಡಿಯುತ್ತಾನೆ. ಮುರಿದವರು ಮಿಲಿಟರಿಯವರಲ್ಲ, ನಮ್ಮೂರಿನವರೇ. ಹೆಸರು ಕೇಳಿದರೆ ಹೇಳುತ್ತೇನೆಂದು ಅಮೀನ್ ಸಾಹೇಬರಿಗೆ ಹೇಳಿದೆ. ಅದು ಈ ಕೇಸಿನಲ್ಲಿ ಬರುವುದಿಲ್ಲವೆಂದರು. ನಾನು ಹೇಳಿದೆನೆಂಬುದಷ್ಟಾದರೂ ಬರೆಯಿರಿ ಎಂದೆ, ಬರೆದಿದ್ದಾರೆ.

ಇಂದು ನನ್ನ ಕವಣೆಯನ್ನು ಠಾಣೆಗೆ ತಂದು ಒಪ್ಪಿಸಿದ್ದೇನೆ. ಅಮೀನ್ ಸಾಹೇಬರು ದಸ್ತಗೀರನನ್ನು ಹೊರಗೆ ತರಿಸಿ ಅದನ್ನು ಅವನ ಕೈಗೆ ಕೊಟ್ಟು ಬೀಸಲು ಹೇಳಿದರು. ಕೈ ಏಳಲಿಲ್ಲ. ಎಡಗೈಲೆ ಒಗದಿದ್ದೆ ಎಂದು ಅವನು ಹಟ ಹಿಡಿದ. ಹಾಗಾದರೆ ಎಡಗೈಯಲ್ಲೇ ಬೀಸು ಎಂದರು. ಅಂಗಳದಲ್ಲಿ ಬೀಸಿದಾಗ ಕಲ್ಲು ಹಿಂದಕ್ಕೆ ಹೋಗಿ ಠಾಣೆಯ ನೀರಿನ ಗಡಿಗೆ ಒಡೆಯಿತು. ಜವಾನರು ನಕ್ಕರು. ನನಗೆ ನಗು ಬರಲಿಲ್ಲ.

ದಸ್ತಗೀರಣ್ಣಾ, ಯಾಕ ಈ ಸುಳ್ಳು ಎಂದು ಎಲ್ಲರೆದುರೇ ಕೇಳಿದೆ. ಅವನು ನೆಲ ನೋಡುತ್ತ, ಹುಡುಗ ಎದ್ದು ಕೇಳಿದ್ರ ಅವ್ವನ ಕಲ್ಲು ಅಂತ ಹೆಂಗ ಹೇಳ್ತಿ, ಅವ ಹೆಂಗ ತಡ್ಕೊಂತಾನ, ನನ್ನನ್ನಾದ್ರ ಇವರು ಇವತ್ತಲ್ಲ ನಾಳೆ ಯಾವದಕ್ಕರ ಹಿಡಿಯಾವ್ರೇ, ಇದಕ್ಕೇ ಹಿಡೀಲಿ ಬಿಡು, ನೀ ಮನಿಗೆ ಹೋಗು ಎಂದ. ಆ ಮಾತಿಗೆ ನನಗೆ ಅಳುವೂ ಬಂತು, ಸಿಟ್ಟೂ ಬಂತು. ನನ್ನ ಮಗನ ಬಗ್ಗೆ ವಿಚಾರ ಮಾಡಲು ನಾನಿನ್ನೂ ಬದುಕಿದ್ದೇನೆ ಎಂದು ಹೇಳಿದೆ.

ನಿಜ ಬರೆಸಿದರೆ ಕೇಸು ನಿನ್ನ ಮೇಲೆಯೇ ತಿರುಗುತ್ತದೆ, ಇನ್ನೊಮ್ಮೆ ಯೋಚನೆ ಮಾಡು ಎಂದು ಅಮೀನ್ ಸಾಹೇಬರು ಎಚ್ಚರಿಸಿದ್ದಾರೆ. ಯೋಚನೆ ಮಾಡಿಯೇ ಬಂದಿದ್ದೇನೆ. ಇಂದು ಬೆಳಿಗ್ಗೆ ಮಗ ಕಣ್ಣು ಬಿಟ್ಟು ಎರಡು ಚಮಚ ನೀರು ಕುಡಿದ. ಇನ್ನೂ ಮಾತು ಬಂದಿಲ್ಲ. ಬರುತ್ತದೆಂದು ಡಾಕ್ಟರರು ಖಾತ್ರಿ ಕೊಟ್ಟಿಲ್ಲ, ನಾನು ನಂಬಿದ್ದೇನೆ. ಮಾತು ಬಂದ ದಿನ ಅವನು ಕೇಳುತ್ತಾನೆ. ಯಾರೋ ಒಬ್ಬರ ಹೆಸರು ಅವನಿಗೆ ಹೇಳಲೇಬೇಕು. ನನ್ನ ಹೆಸರು ಹೇಳಿದರೆ ಸಿಟ್ಟಾಗುತ್ತಾನೆ, ಒಂದು ತಿಂಗಳು ಮುಖ ತಿರುಗಿಸುತ್ತಾನೆ, ಹಸಿವಾದಾಗ ಅವ್ವಾ ಎನ್ನುತ್ತಾನೆ. ದಸ್ತಗೀರನ ಹೆಸರು ಹೇಳಿದರೆ ಆ ಸಿಟ್ಟು ಇಳಿಯುವುದಿಲ್ಲ. ಅದು ಅವನ ಜೊತೆಗೇ ಬೆಳೆಯುತ್ತದೆ. ಅವನು ಆರೇಳು ಹುಡುಗರ ಮುಂದೆ ನಿಂತು ನಡೆಸುವುದನ್ನು ಕಲಿಯುತ್ತಿರುವವನು. ಆ ಸಿಟ್ಟು ಹೊತ್ತು ಅವನು ಮುಂದೆ ನಡೆದರೆ ಹಿಂದಿನವರೂ ಅದೇ ಹಾದಿ ಹಿಡಿಯುತ್ತಾರೆ. ಅಂಥವರು ನನ್ನ ಮನೆಗೆ ಒಮ್ಮೆ ಬಂದು ಹೋಗಿದ್ದಾರೆ. ನನ್ನ ಮಗ ಅವರಲ್ಲೊಬ್ಬನಾಗುವುದು ನನಗೆ ಬೇಡ. ಅವನು ನನ್ನ ಮೇಲೆಯೇ ಸಿಟ್ಟಾಗಲಿ.

ಬರೆದುಕೊಂಡದ್ದನ್ನು ನಿಧಾನವಾಗಿ ಓದಿ ಕೇಳಿಸಿದರು. ನಾನು ಹೇಳಿದ್ದೆಲ್ಲ ಇದರಲ್ಲಿದೆ, ಹೇಳದ್ದು ಯಾವುದೂ ಸೇರಿಲ್ಲ, ಇದು ನಿಜ. ಯಾರ ಒತ್ತಾಯವೂ ಇಲ್ಲದೆ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಮಕ್ತಲ್ ಠಾಣೆ
ತಾರೀಖು: ೨೪ ಜನವರಿ ೧೯೪೯, ಸೋಮವಾರ
ಶೇಖಮ್ಮ, ಗಂಡ ದಿವಂಗತ ನಾಗಪ್ಪ, ಇವರ ಹೆಬ್ಬೆಟ್ಟಿನ ಗುರುತು