ಕಿಟಕಿಗೆ ಒರಗಿಸಿದ ಹಾಸಿಗೆ

ಬಸ್ಸಿಗೆ ಕಾಯುತ್ತ ದೇವರ ಪದ ಗುನುಗುತ್ತಿದ್ದ ದರ್ಜಿಯಜ್ಜನ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಒಬ್ಬಳು ಯುದ್ಧಕ್ಕೆ ಹೆದರಿ ಊರು ಬಿಟ್ಟು ಬಂದ ತಾಯಿ. ಇನ್ನೊಬ್ಬಳು ಅವಳಿಗೆ ಬಾಡಿಗೆ ಕೋಣೆ ಕೊಡಿಸಿದ ನರ್ಸಕ್ಕ.

“ಹಾಸಿಗೆ ಒರಗಿಸಿ ಕಿಟಕಿ ಯಾಕಮ್ಮ ಮುಚ್ಚಿದೆ? ಒಳಗೆ ಯಾರನ್ನೋ ಬಚ್ಚಿಟ್ಟಿದಾಳೆ ಅಂತ ಮನೆ ಓನರು ಕೂಗಾಡ್ತಿದಾರೆ.”

“ಬಾಂಬು ಬಿದ್ದು ಗಾಜು ಒಡೆದ್ರೆ ಮಕ್ಕಳಿಗೆ ಚುಚ್ಚುತ್ತಲ್ಲ, ಅಕ್ಕ.”

“ಇಲ್ಲಿ ಗಾಜು ಒಡೆಯೋದು ನನ್ನ ಗಂಡನ ಗೊರಕೆಗೆ ಮಾತ್ರ ಕಣೇ.”

“ನಮ್ಮೂರಲ್ಲೂ ಹೀಗೇ ನಗ್ತಿದ್ವಿ.”

ನರ್ಸಕ್ಕ ದನಿ ತಗ್ಗಿಸಿದಳು. “ಸಂಜೆ ಓನರು ನೋಡೋಕೆ ಬರ್ತಾರೆ. ಆಗಲೂ ಮುಚ್ಚಿದ್ರೆ ಖಾಲಿ ಮಾಡಿಸ್ತಾರೆ. ಮತ್ತೆ ನಿರಾಶ್ರಿತರ ಶಿಬಿರವೇ ಗತಿ. ನನ್ನ ಕೈ ಮೀರಿದೆ.”

ಬಸ್ಸು ಬಂತು. ತಾಯಿ ಎದ್ದಳು.

“ಕಿಟಕಿ ತೆಗೀತೀನಿ, ಅಕ್ಕ. ಅವರು ಹೋಗೋವರೆಗೆ ಮಕ್ಕಳನ್ನ ಗಾಜಿಲ್ಲದ ಬಚ್ಚಲಲ್ಲಿ ಕೂರಿಸಿರ್ತೀನಿ. ಅಷ್ಟಕ್ಕೆ ಒಪ್ತಾರಾ?”

ನರ್ಸಕ್ಕ ಅವಳ ಕೈ ಹಿಡಿದು ಬಸ್ಸು ಹತ್ತಿಸಿದಳು.